ಸ್ಪಷ್ಟನೆ: ಕಾಂಪ್ಲೆಕ್ಸಿಟಿ ಸೈನ್ಸ್ ಅಂದರೆ ಸಾಫ್ಟ್‌ವೇರ್ ಅಲ್ಲ

ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಕಾಂಪ್ಲೆಕ್ಸಿಟಿ ಸೈನ್ಸ್ ಅನ್ನೋ ಹೊಸ ಸಾಫ್ಟ್‌ವೇರ್ ಬಂದಿದೆ, ಇನ್ನು ಆಸ್ಪತ್ರೆ ನಡೆಸೋದು ಅದೇ, ನರ್ಸ್‌ಗಳು ಬೇಕಾಗಿಲ್ಲ’ ಅಂತ. ಇದು ತಪ್ಪು. ಅದು ಸಾಫ್ಟ್‌ವೇರೂ ಅಲ್ಲ, ಹೊಸದೂ ಅಲ್ಲ. ಹಲವು ಜನ, ಹಲವು ಸಂಗತಿಗಳು ಒಂದರ ಮೇಲೊಂದು ಪರಿಣಾಮ ಬೀರುವ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ನೋಡುವ ವಿಜ್ಞಾನ ಅದು. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲೇ ಈ ಬಗ್ಗೆ ಲೇಖನಮಾಲೆ ಪ್ರಕಟಿಸಿತ್ತು.

ನಮ್ಮ ಟೊಮೆಟೊ ಮಾರುಕಟ್ಟೆ ನೋಡಿ. ರೈತರು, ಮಂಡಿಯವರು, ಹೊರಗಿನ ವ್ಯಾಪಾರಿಗಳು, ಮಳೆ, ಎಲ್ಲ ಸೇರಿ ಬೆಲೆ ಏರುತ್ತದೆ, ಇಳಿಯುತ್ತದೆ. ಒಬ್ಬರ ಮಾತಿಗೆ ಅದು ಬಗ್ಗುವುದಿಲ್ಲ, ಅಲ್ವಾ? ಆಸ್ಪತ್ರೆಯೂ ಹಾಗೇ ಅನ್ನುತ್ತದೆ ಈ ವಿಜ್ಞಾನ. ವಾರ್ಡಿನಲ್ಲಿ ಬೆಡ್ ಖಾಲಿಯಾಗದಿದ್ದರೆ ಎಮರ್ಜೆನ್ಸಿಯಲ್ಲಿ ಸಾಲು ಬೆಳೆಯುತ್ತದೆ. ಮೇಲಿಂದ ಸುಮ್ನೆ ಸುತ್ತೋಲೆ ಕಳಿಸಿದರೆ ಅದು ಕರಗುವುದಿಲ್ಲ.

ನರ್ಸ್ ಬೇಡ ಅನ್ನೋದಂತೂ ಪೂರ್ತಿ ತಲೆಕೆಳಗು. ಉಪಾಯ ಮೇಲಿಂದ ಬರುವುದಲ್ಲ, ಅಲ್ಲೇ ಇರುವವರ ಹತ್ತಿರ ಸಿಗುತ್ತದೆ ಅನ್ನೋದೇ ಇಲ್ಲಿನ ಯೋಚನೆ. 1990ರ ದಶಕದಲ್ಲಿ ವಿಯೆಟ್ನಾಂನ ಹಳ್ಳಿಗಳಲ್ಲಿ, ಮಕ್ಕಳ ಅಪೌಷ್ಟಿಕತೆ ತಡೆಯಲು ಹೊರಟವರು ಬಡತನದಲ್ಲೂ ಮಕ್ಕಳನ್ನು ಗಟ್ಟಿಯಾಗಿ ಬೆಳೆಸಿದ ಮನೆಗಳನ್ನು ಹುಡುಕಿದರು. ಆ ತಾಯಂದಿರು ಗದ್ದೆಯ ಸಿಗಡಿ, ಏಡಿ, ಗೆಣಸಿನ ಸೊಪ್ಪು ತಿನ್ನಿಸುತ್ತಿದ್ದರು. ಉಳಿದವರು ಅದನ್ನು ನೋಡಿ ಕಲಿತರು. ಇದೇ ದಾರಿಯನ್ನು ಆಮೇಲೆ ಅಮೆರಿಕದ ಕೆಲವು ಆಸ್ಪತ್ರೆಗಳು ಸೋಂಕು ತಡೆಯಲು ಹಿಡಿದವು. ಅಲ್ಲಿ ಉಪಾಯ ಹೇಳಿದವರಲ್ಲಿ ನರ್ಸ್‌ಗಳೂ ಇದ್ದರು, ನೆಲ ಒರೆಸುವವರೂ ಇದ್ದರು.