ರಾಟೆ ನಿಲ್ಲಿಸುತ್ತಿದ್ದ ಹೊಲ್ಲೆ

ಜರ್ಮನಿಯ ಹೆಸ್ಸೆ ಸೀಮೆಯಲ್ಲಿ ಹಿಮ ಬಿದ್ದರೆ 'ಹೊಲ್ಲೆ ಹಾಸಿಗೆ ಕೊಡವುತ್ತಿದ್ದಾಳೆ' ಅನ್ನುತ್ತಾರೆ. ಅವಳ ಹಾಸಿಗೆಯಿಂದ ಉದುರುವ ಗರಿಗಳೇ ಹಿಮ ಅಂತೆ. ಜನಪದ ಕಥೆಗಳ ಈ ಫ್ರೌ (ಅಂದರೆ ಶ್ರೀಮತಿ) ಹೊಲ್ಲೆಯನ್ನು ಊರೂರಿಗೆ ಮುಟ್ಟಿಸಿದ್ದು, ಜರ್ಮನ್ ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆ. ಅವರಿಗೆ ಇದನ್ನು ಹೇಳಿದ್ದು ಕಾಸೆಲ್ ಊರಿನ ಡೋರ್ಟ್‌ಷೆನ್ ವಿಲ್ಡ್. ಮುಂದೆ ವಿಲ್ಹೆಲ್ಮ್ ಗ್ರಿಮ್ ಮದುವೆಯಾದದ್ದು ಅವಳನ್ನೇ.

ಕಥೆ ನಿಮಗೂ ಗೊತ್ತಿರಬಹುದು. ನೂತು ನೂತು ಮಲಮಗಳ ಬೆರಳಲ್ಲಿ ರಕ್ತ ಬರುತ್ತದೆ. ಕದಿರು ತೊಳೆಯಲು ಹೋದಾಗ ಅದು ಬಾವಿಗೆ ಬೀಳುತ್ತದೆ. 'ಬೀಳಿಸಿದವಳು ನೀನೇ, ತರೋಳೂ ನೀನೇ' ಅಂತಾಳೆ ಮಲತಾಯಿ. ಹುಡುಗಿ ಬಾವಿಗೆ ಹಾರಿ ಹೊಲ್ಲೆಯ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಚೆನ್ನಾಗಿ ದುಡಿದು ಚಿನ್ನದ ಮಳೆಯಲ್ಲಿ ನೆನೆದು ಬರುತ್ತಾಳೆ. ಅದೇ ಆಸೆಗೆ ಬಾವಿಗೆ ಹಾರಿದ ಮಲತಾಯಿಯ ಸೋಮಾರಿ ಮಗಳ ಮೈಮೇಲೆ ಕರಿ ಡಾಂಬರು ಸುರಿಯುತ್ತದೆ.

ನನಗೆ ಇದನ್ನು ಓದಿದಾಗಲೆಲ್ಲ ಬೇಜಾರಾಗುತ್ತದೆ. ಬೆರಳು ಒಡೆಯುವಷ್ಟು ದುಡಿದ ಹುಡುಗಿಗೆ ಸಿಕ್ಕಿದ್ದೇನು? ಇನ್ನೊಂದು ಮನೆಯ ಕೆಲಸ. ಆದರೆ ಹಳ್ಳಿಯ ಜನ ನಂಬಿದ್ದ ಹೊಲ್ಲೆ ಬೇರೆಯೇ ಇದ್ದಳು. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗಿನ ಹನ್ನೆರಡು ರಾತ್ರಿ ಅವಳು ಮನೆಮನೆ ತಿರುಗುತ್ತಾಳೆ ಅನ್ನೋದು ಅವರ ನಂಬಿಕೆ. ಆ ರಾತ್ರಿಗಳಲ್ಲಿ ಯಾರೂ ನೂಲಬಾರದು. ರಾಟೆ ನಿಲ್ಲಲೇಬೇಕು. ನೂತವರಿಗೆ ಶಿಕ್ಷೆ!

ಇದು ಎಷ್ಟು ದೊಡ್ಡ ಮಾತು ಅಂತ ನೋಡಿ. ಅಲ್ಲಿ ಚಳಿಗಾಲವೆಂದರೆ ಹೆಂಗಸರು ಅಗಸೆಯ ನಾರು ನೂಲುವ ಕಾಲ. (ನಮ್ಮ ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅಗಸೆಯೇ, ಅಲ್ಲಿ ಅದರ ಕಾಂಡದಿಂದ ಬಟ್ಟೆ.) ಹೊಲದ ಕೆಲಸ ಮುಗಿದರೂ ಹೆಂಗಸರ ಕೈಗೆ ಬಿಡುವಿಲ್ಲ. ಸುಸ್ತಾಯಿತು ಅಂದರೆ ಯಾರು ಕೇಳುತ್ತಾರೆ? ಹೊಲ್ಲೆ ಬರುತ್ತಾಳೆ ಅಂದರೆ ಅತ್ತೆಯೂ ಸುಮ್ನಾಗಬೇಕು, ಯಜಮಾನನೂ ಸುಮ್ನಾಗಬೇಕು. ನನ್ನ ಮಟ್ಟಿಗೆ ಅವಳ ನಿಜವಾದ ವರ ಇದು, ಚಿನ್ನದ ಮಳೆ ಅಲ್ಲ.

ಹಾಗಂತ ಅವಳು ಬರೀ ಮೆತ್ತಗಿನವಳಲ್ಲ. ರಜೆಗೆ ಮುಂಚೆ ನಾರೆಲ್ಲ ನೂತು ಮುಗಿದಿರಬೇಕು, ಇಲ್ಲದಿದ್ದರೆ ಗಂಟು ಹಾಕಿ ಕೆಡಿಸುತ್ತಾಳೆ. ಆಲ್ಪ್ಸ್ ಬೆಟ್ಟಗಳ ಕಡೆ ಅವಳಂಥವಳೇ ಪೆರ್ಖ್ಟಾ ಇದ್ದಾಳೆ. ಅವಳು ತಪ್ಪಿದವರ ಹೊಟ್ಟೆ ಸೀಳಿ ಒಣಹುಲ್ಲು ತುಂಬುತ್ತಾಳಂತೆ. ಆಸ್ಟ್ರಿಯಾ, ಬವೇರಿಯಾದಲ್ಲಿ ಇವತ್ತಿಗೂ ಕೊಂಬಿನ ಮುಖವಾಡ ಹಾಕಿ, ಗಂಟೆ ಕಟ್ಟಿಕೊಂಡು ಅವಳ ಹೆಸರಲ್ಲಿ ಮೆರವಣಿಗೆ ಮಾಡುತ್ತಾರೆ.

ಅದೇ ಪೆರ್ಖ್ಟಾಳ ಹಿಂದೆ ಸತ್ತ ಪುಟ್ಟ ಮಕ್ಕಳ ಸಾಲು ನಡೆಯುತ್ತದೆ ಅನ್ನೋ ಕಥೆಯೂ ಇದೆ. ಒಬ್ಬ ತಾಯಿ ಆ ಸಾಲಿನಲ್ಲಿ ತನ್ನ ಮಗುವನ್ನು ಕಾಣುತ್ತಾಳೆ. ಅದರ ಕೈಯಲ್ಲಿ ಭಾರದ ಹೂಜಿ, ಬೇಲಿ ದಾಟಲು ಆಗುತ್ತಿಲ್ಲ. 'ಅಮ್ಮಾ, ಇದರ ತುಂಬ ನಿನ್ನ ಕಣ್ಣೀರು. ಇನ್ನು ಅಳಬೇಡ' ಅನ್ನುತ್ತದೆ ಮಗು. ಚರ್ಚ್ ಹೇಳುತ್ತಿದ್ದಂತೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದೆ ಸತ್ತ ಕೂಸಿಗೆ ಸ್ವರ್ಗವಿಲ್ಲ. ಅಂಥ ಕೂಸುಗಳಿಗೂ ಕೈಹಿಡಿದು ನಡೆಸುವವಳು ಒಬ್ಬಳಿದ್ದಾಳೆ ಅಂತ ನಂಬಿದ್ದು ಹಳ್ಳಿಯ ಜನ. ಹೆಸ್ಸೆಯ ಮೈಸ್ನರ್ ಬೆಟ್ಟದಲ್ಲಿ ಹೊಲ್ಲೆಯ ಕೊಳವಿದೆ. ಹುಟ್ಟುವ ಮಕ್ಕಳೂ ಅಲ್ಲಿಂದಲೇ ಬರುತ್ತಾರೆ ಅನ್ನುತ್ತಿದ್ದರು.

ಯಾಕೋಬ್ ಗ್ರಿಮ್ 1835ರಲ್ಲಿ ಇವಳು ಪುರಾತನ ದೇವತೆ ಅಂತ ವಾದಿಸಿದ. ಆಮೇಲಿನ ಎಷ್ಟೋ ವಿದ್ವಾಂಸರು ಒಪ್ಪಲಿಲ್ಲ. ನನಗೆ ಆ ಜಗಳ ಅಷ್ಟು ಮುಖ್ಯ ಅನಿಸಲ್ಲ. ಗುಡಿ ಇರಲಿ ಬಿಡಲಿ, ದಣಿದ ಹೆಂಗಸರು, ಮಗು ಕಳೆದುಕೊಂಡ ತಾಯಂದಿರು ನೆನೆದದ್ದು ಇವಳನ್ನು. ನಿಮ್ಮ ಮಕ್ಕಳಿಗೆ ಹೊಲ್ಲೆಯ ಕಥೆ ಹೇಳುವಾಗ ಚಿನ್ನ, ಡಾಂಬರಿಗೇ ನಿಲ್ಲಿಸಬೇಡಿ. ರಾಟೆ ನಿಂತ ಆ ಹನ್ನೆರಡು ರಾತ್ರಿಗಳ ಬಗ್ಗೆಯೂ ಹೇಳಿ.