ಅಟ್ಟದ ಮೇಲಿನ ಮುಡಿ ಗಡಿನಾಡಿನ ಸಂಸ್ಕೃತಿಯನ್ನು ಕಾಯುತ್ತದೆಯೇ?

ಗಡಿನಾಡು ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ, ಈಗ ಮದುವೆ ಹಾಲ್‌ಗಳ ಬಾಗಿಲಲ್ಲಿ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಚಪ್ಪರಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಹಳೆ ಸಾಮಾನುಗಳನ್ನು ಜೋಡಿಸಿಡುವುದು ವಾಡಿಕೆಯಾಗಿದೆ. ಅಕ್ಕಿ ಅಳೆಯುವ ಕಳಸೆ, ಸೇರು, ಮರದ ಮರಿಗೆ, ಗಿಂಡಿ, ಕಾಲುದೀಪ, ಭರಣಿ. ನೋಡಿದವರು ಫೋಟೋ ಹೊಡೆದುಕೊಂಡು ಊಟಕ್ಕೆ ಹೋಗುತ್ತಾರೆ. ಇಂಥ ವಸ್ತುಗಳನ್ನು ಉಳಿಸಿಕೊಂಡರೆ ಒಂದು ನಾಡಿನ ಸಂಸ್ಕೃತಿ ಉಳಿಯುತ್ತದೆಯೇ? ಎರಡೂ ಪಕ್ಷದ ಮಾತು ಇಲ್ಲಿದೆ.

ಪರ: ಕಾಗದ ಮರೆತದ್ದನ್ನು ವಸ್ತು ಮರೆಯುವುದಿಲ್ಲ

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳದ ಪಾಲಾಯಿತು. ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಅಲ್ಲೇ ಕೂತಿತು. ಇಷ್ಟೆಲ್ಲ ಆಗುತ್ತಿರುವಾಗ ಇಲ್ಲಿಯ ಅಂಗಳಗಳಲ್ಲಿ ಅಕ್ಕಿಮುಡಿ, ಎಂದರೆ ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಬಿಗಿದ ಉಂಡೆ, ಕಟ್ಟುವುದು ನಿಲ್ಲಲಿಲ್ಲ. ರಾಜಧಾನಿ ಯಾವುದೆಂದು ಮುಡಿ ಕಟ್ಟುವವನು ಕೇಳಿ ಕಟ್ಟುವುದಿಲ್ಲವಲ್ಲ.

ಮುಡಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದನೆಯ ಬೈಹುಲ್ಲನ್ನು ಒಂದು ತುದಿಯಲ್ಲಿ ಬಿಗಿದು, ಉಳಿದದ್ದನ್ನು ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿಯುತ್ತಾರೆ. ಹುಲ್ಲನ್ನು ಮೇಲಕ್ಕೆತ್ತಿ ಒಟ್ಟುಮಾಡಿ, ಹುಲ್ಲಿನದೇ ಹಗ್ಗವನ್ನು ಕಾಲು ಕೊಟ್ಟು ಎಳೆದೆಳೆದು ಸುತ್ತುತ್ತಾರೆ. ನಡುನಡುವೆ ಕೊಡತಿಯಿಂದ ಬಡಿದು ಗುಂಡಗೆ ತರುತ್ತಾರೆ. ಕಟ್ಟಿ ಮುಗಿದ ಮೇಲೆ ಅಂಗಳದಲ್ಲಿ ಉರುಳಿಸಿದರೂ ಒಂದು ಕಾಳು ಹೊರಗೆ ಬೀಳಬಾರದು. ಒಲೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಕರಾವಳಿಯ ಆ ಮಳೆಗಾಲ ದಾಟಿದರೂ ಅಕ್ಕಿ ಕೆಡದು. ಒಂದು ಮುಡಿಗೆ ಮೂರು ಕಳಸೆ, ಎಂದರೆ 42 ಸೇರು. ಲೆಕ್ಕ, ದಾಸ್ತಾನು, ಹವಾಮಾನದ ತಿಳಿವಳಿಕೆ, ಅಂದ ಎಲ್ಲವೂ ಒಂದು ಹುಲ್ಲಿನ ಉಂಡೆಯೊಳಗೆ. ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟದ್ದಲ್ಲ, ಕೈಯಿಂದ ಕೈಗೆ ಬಂದದ್ದು.

ದೇಶ ಕಟ್ಟುವ ಹೊತ್ತಿನಲ್ಲಿ ಇದನ್ನು ಅರಿತವರಿದ್ದರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಇದೇ ದಕ್ಷಿಣ ಕನ್ನಡ ತವರು, ಆಗ ಕಾಸರಗೋಡೂ ಅದರೊಳಗೇ ಇತ್ತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅದನ್ನು ಮುನ್ನಡೆಸಿದವರು ಅವರು. ಮಡಕೆ, ಬುಟ್ಟಿ, ಮಗ್ಗಗಳಿಗೆ ಸರಕಾರದ ಕಡತದಲ್ಲಿ ಜಾಗ ಸಿಕ್ಕಿದ್ದು ಅಂಥವರ ಹಟದಿಂದ. 1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸುತ್ತಿ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಅತಿ ಹೆಚ್ಚು ಮೆಚ್ಚಿ ಬರೆದದ್ದು ನಮ್ಮ ಚೊಂಬಿನ ಬಗ್ಗೆ. ಅದನ್ನು ರೂಪಿಸಿದವನು ಒಬ್ಬನಲ್ಲ, ತಲೆಮಾರುಗಳು ಎಂಬುದು ಅವರ ಮಾತಿನ ತಿರುಳು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನಮ್ಮ ಹಿತ್ತಾಳೆ ಚೊಂಬು ಗುಜರಿಗೆ ಹೋಗುತ್ತಿರುವಾಗ ಅದನ್ನು ಮುಂದಿಟ್ಟುಕೊಂಡು ಬೇರೆಯವರು ಪಾಠ ಕಲಿತರು!

ವಸ್ತುವಿಗೆ ಇನ್ನೊಂದು ಗುಣವುಂಟು. ಭಾಷೆಗಳು ಬೇಲಿ ಹಾಕಿಕೊಂಡಲ್ಲೂ ಅದು ದಾಟಿ ಹೋಗುತ್ತದೆ. ಸಪ್ತಭಾಷೆಗಳ ಊರು ಎಂದು ಹೇಳಿಕೊಳ್ಳುವ ಕಾಸರಗೋಡಿನಲ್ಲಿ ತಳಂಗರೆಯ ಮುಸ್ಲಿಮರ ಮನೆಗಳ ಕಸೂತಿ ತೊಪ್ಪಿ ಕಡಲಾಚೆಗೂ ಹೆಸರು ಮಾಡಿತು. ಇಲ್ಲಿಯ ಹತ್ತಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಕುಂಬಳೆಯ ಪ್ರಸಂಗಕವಿ ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಳೆದ ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಜವೇಷದ ಕಿರೀಟ ನೋಡಿ: ಹಗುರ ಮರದ ಮೇಲೆ ಬೇಗಡೆ, ಕನ್ನಡಿ ಚೂರು, ಬಣ್ಣ. ಕಥಕ್ಕಳಿಯ ಕಿರೀಟಕ್ಕೆ ಅದು ಸಹೋದರ ಎಂದು ಯಾರಿಗೂ ಗೊತ್ತಾಗುತ್ತದೆ. ಕನ್ನಡ ಪದ್ಯಕ್ಕೆ ಕುಣಿಯುವ ವೇಷದ ತಲೆಯ ಮೇಲೆ ಕೇರಳದ ನೆಂಟಸ್ತಿಕೆ ಮಿರುಗುತ್ತಿರುತ್ತದೆ. ಮಂಗಳೂರು ಹೆಂಚಂತೂ ಬಾಸೆಲ್ ಮಿಷನ್ನಿನ ಜರ್ಮನರು 1865ರಲ್ಲಿ ಸುಡಲು ತೊಡಗಿದ್ದು. ಇಂದು ಅದಿಲ್ಲದ ಹಳೆ ಮನೆಯನ್ನು ಇಲ್ಲಿ ಯಾರು ಊಹಿಸುತ್ತಾರೆ? ಚರಿತ್ರೆ ಬರೆಯುವವರು ತಮಗೆ ಬೇಡದ್ದನ್ನು ಬಿಟ್ಟಾರು. ಹೆಂಚಿನ ಮಾಡು, ಕಿರೀಟ, ತೊಪ್ಪಿ ಹಾಗೆ ಬಿಡಲಾರವು. ಇಟ್ಟುಕೊಳ್ಳಬೇಕಾದ್ದು ಅದಕ್ಕೇ.

ವಿರೋಧ: ಮೊದಲು ಮನುಷ್ಯ, ಆಮೇಲೆ ಮುಡಿ

ಮುಡಿಯ ಅಂದವನ್ನು ಬಣ್ಣಿಸಿದವರು ಒಂದು ಮಾತು ಬಿಟ್ಟರು. ಆ ಮುಡಿ ಯಾರ ಅಟ್ಟಕ್ಕೆ ಹೋಗುತ್ತಿತ್ತು?

ಗೇಣಿ ಲೆಕ್ಕ ಹಾಕುತ್ತಿದ್ದದ್ದು ಮುಡಿಯಲ್ಲಿ. ವರ್ಷಕ್ಕೆ ಇಂತಿಷ್ಟು ಮುಡಿ ಎಂದು ಮಾತಾದರೆ ಮಳೆ ಕೈಕೊಟ್ಟರೂ, ಹೊಳೆ ಗದ್ದೆಗೆ ನುಗ್ಗಿದರೂ ಅಷ್ಟು ಮುಡಿ ಧಣಿಯ ಅಂಗಳಕ್ಕೆ ಇಳಿಯಬೇಕು. ಕಟ್ಟಿದವನ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳಿಗೆ ಅಕ್ಕಿಯಿರುತ್ತಿರಲಿಲ್ಲ. ಕೆಸುವಿನ ಎಲೆ, ಹಲಸಿನ ಬೀಜದಲ್ಲಿ ಹೊಟ್ಟೆ ಹೊರೆಯಬೇಕಿತ್ತು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಕೊನೆಯಾಯಿತು. ಒಕ್ಕಲಿನವನಿಗೆ ಮುಡಿ ಎಂಬುದು ಪರಂಪರೆಯಾಗಿ ಕಾಣಲು ತೊಡಗಿದ್ದು, ಕಾಣುವುದಿದ್ದರೆ, ಅದಾದ ನಂತರ. ಗುತ್ತು, ಬೀಡು ಎಂಬ ಧಣಿಗಳ ಮನೆಗಳ ಅಟ್ಟದಲ್ಲಿ ಉಳಿದ ಸಾಮಾನು ನಮ್ಮೆಲ್ಲರ ನೆನಪೆಂದು ಹೇಳುವುದು ಸುಲಭ. ಬಡವನ ಮನೆಯಲ್ಲಿ ಉಳಿಸಲು ಏನಿತ್ತು? ಮಣ್ಣಿನ ಪಾತ್ರೆ ಒಡೆದುಹೋಯಿತು, ತೆಂಗಿನ ಮಡಲಿನ ಮಾಡು ಮಳೆಗೆ ಕೊಳೆತುಹೋಯಿತು.

ಮುಟ್ಟಾಳೆಯ ಕತೆಯೂ ಇದೇ. ಅಡಕೆಯ ಹಾಳೆಯಿಂದ ಹೊಲಿದ ಈ ಟೊಪ್ಪಿ ಗದ್ದೆಯಲ್ಲಿ, ತೋಟದಲ್ಲಿ ದುಡಿಯುವವರ ತಲೆಯ ಮೇಲಿತ್ತು. ಈಗ ಸಭೆಗೆ ಬಂದ ಮಂತ್ರಿಗಳ ತಲೆಗೆ ಅದನ್ನಿಟ್ಟು ಚಪ್ಪಾಳೆ ತಟ್ಟುತ್ತೇವೆ. ಅವರು ಅದನ್ನು ಒಂದು ನಿಮಿಷ ಇಟ್ಟುಕೊಂಡು ಪಕ್ಕದ ಕುರ್ಚಿಗೆ ವರ್ಗಾಯಿಸುತ್ತಾರೆ. ಹಾಳೆಯನ್ನು ನೆನೆಸಿ, ಮಡಚಿ, ಹೊಲಿದ ಮುದುಕನನ್ನು ವೇದಿಕೆಗೆ ಕರೆದದ್ದು ಬಲು ಅಪರೂಪ.

ಕೊರಗ ಬುಡಕಟ್ಟಿನವರ ಬುಟ್ಟಿಯ ವಿಚಾರ ಇನ್ನೂ ಕಹಿ. ಕಾಡುಬಳ್ಳಿ ತಂದು ಅವರು ಹೆಣೆಯುವ ಬುಟ್ಟಿಗೆ ಎರಡನೆಯ ಮಾತಿಲ್ಲ, ಅಷ್ಟು ಗಟ್ಟಿ. ಆದರೆ ಹೆಣೆಯುವವರನ್ನು ಊರು ಎಲ್ಲಿ ನಿಲ್ಲಿಸಿತ್ತು? ಕೊರಗರನ್ನು ಕೀಳಾಗಿ ಕಂಡು ಬಳಸಿಕೊಳ್ಳುವ ಅಜಲು ಎಂಬ ಹೀನ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಕಾನೂನೇ ತರಬೇಕಾಯಿತು. ಗಡಿಯ ಈಚೆಗೂ ಆಚೆಗೂ ಕೊರಗರು ಇಂದಿಗೂ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಬುಟ್ಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದರೆ ಅದರ ಹೆಣಿಗೆ ಕಾಣುತ್ತದೆ, ಇವಾವುವೂ ಕಾಣುವುದಿಲ್ಲ. ಕೊರಗರ ಹುಡುಗಿಯೊಬ್ಬಳು ಬುಟ್ಟಿ ಬಿಟ್ಟು ನರ್ಸಿಂಗ್ ಓದಲು ಹೊರಟರೆ ಅಯ್ಯೋ ಕಲೆ ಹೋಯಿತು ಎಂದು ಮರುಗುವ ಹಕ್ಕು ನಮಗಿದೆಯೇ?

ವಸ್ತುಗಳು ಭಾಷೆಯ ಬೇಲಿ ದಾಟುತ್ತವೆ ಎಂಬುದನ್ನು ಒಪ್ಪೋಣ. ಅದೇ ತೊಡಕು ಕೂಡ. ಮಲಯಾಳದ ಮನೆಯಲ್ಲೂ ಅದೇ ಗಿಂಡಿ, ಅದೇ ಕಾಲುದೀಪ. ಹಾಗಿರುವಾಗ ಗಿಂಡಿ ಉಳಿದರೆ ಇಲ್ಲಿ ಕನ್ನಡ ಹೇಗೆ ಉಳಿಯುತ್ತದೆ? ಹಳೆ ಮನೆಯ ಕೆತ್ತನೆ ಕಂಬ, ಬಾಗಿಲುಗಳು ಲಾರಿ ಹತ್ತಿ ದೂರದ ರೆಸಾರ್ಟುಗಳಿಗೆ ಹೋಗುತ್ತವೆ. ಅಲ್ಲಿ ಚೆನ್ನಾಗಿಯೇ ಇರುತ್ತವೆ, ಗೆದ್ದಲು ಹಿಡಿಯದಂತೆ ಎಣ್ಣೆಯನ್ನೂ ಹಚ್ಚುತ್ತಾರೆ. ಕಾಸರಗೋಡಿಗೆ ಅದರಿಂದ ಏನು ಉಳಿಯಿತು?

ಯಕ್ಷಗಾನದ ಕಿರೀಟ ಉಳಿದದ್ದು ಕಿರೀಟದ ಬಲದಿಂದಲ್ಲ. ಇರುಳಿಡೀ ಕೂತು ಅರ್ಥ ಕೇಳುವ ಜನ ಇದ್ದಾರೆ, ಅದಕ್ಕೆ ಮೇಳ ಹೊರಡುತ್ತದೆ, ಮೇಳ ಹೊರಡುವುದಕ್ಕೆ ಕಿರೀಟ ಕಟ್ಟುವವನಿಗೆ ಕೆಲಸ. ಪ್ರಸಂಗದ ಕನ್ನಡ ತಿಳಿಯದ ತಲೆಮಾರು ಬಂದ ದಿನ ಅದೇ ಕಿರೀಟ ಹೋಟೆಲಿನ ಗೋಡೆಗೆ ಹೋಗುತ್ತದೆ. ಆ ತಲೆಮಾರು ಬರುವ ದಾರಿಯೂ ಕಣ್ಣೆದುರಿಗೇ ಇದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದಕ್ಕೆ ಈ ಜಿಲ್ಲೆಯಲ್ಲಿ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂರಬೇಕಾಗಿ ಬಂದಿದೆ. ಪಾಠ ಅರ್ಥವಾಗದ ಮಗುವಿಗೆ ವಾರ್ಷಿಕೋತ್ಸವದಲ್ಲಿ ಕಳಸೆ ತೋರಿಸಿ ಇದು ನಿನ್ನ ಸಂಸ್ಕೃತಿ ಎಂದರೆ ಅದು ಏನು ಮಾಡಬೇಕು?

ಮುಡಿ ಕಟ್ಟುವುದನ್ನು ಉಳಿಸಲೇಬೇಕೆಂದಿದ್ದರೆ ಗದ್ದೆ ಉಳಿಸಿ. ಕಂಬಳದ ಗದ್ದೆಯೂ ಸೇರಿ ಬಯಲೆಲ್ಲ ಅಡಕೆ ತೋಟವಾಯಿತು, ಉಳಿದಲ್ಲಿ ಗಿಡ್ಡ ತಳಿಯ ಭತ್ತ. ಯಂತ್ರ ಕೊಯ್ದು ಉದುರಿಸಿದ ಆ ಮೋಟು ಹುಲ್ಲಿನಲ್ಲಿ ಮುಡಿ ಕಟ್ಟಲು ಬರುವುದಿಲ್ಲ. ಉದ್ದ ಹುಲ್ಲಿನ ಹಳೆ ತಳಿ ಬೆಳೆಯುವ ರೈತನಿಗೆ ಗಿಟ್ಟುವ ಬೆಲೆ ಕೊಡಲಿ, ಕಟ್ಟಬಲ್ಲವನಿಗೆ ಗಾರೆ ಕೆಲಸದ ಮೇಸ್ತ್ರಿಯಷ್ಟೇ ಸಂಬಳ ಕೊಡಲಿ. ಅಷ್ಟು ಹಣ ಸಂಸ್ಕೃತಿ ಇಲಾಖೆಯಲ್ಲಿ ಇಲ್ಲವೆಂದಾದರೆ, ಇರುವುದರಲ್ಲಿ ಮೊದಲು ಕನ್ನಡ ಮೇಷ್ಟ್ರ ಖಾಲಿ ಹುದ್ದೆ ತುಂಬಲಿ. ಗಾಜಿನ ಪೆಟ್ಟಿಗೆಗೆ ಟೆಂಡರು ಆಮೇಲೆ ಕರೆದರಾಯಿತು.