ಭಾವನ ರಸಮಟ್ಟ

ಕೊಡಗಿನಲ್ಲಿ ಸಮತಟ್ಟಾದ ನೆಲ ಸಿಗುವುದು ಮೂರೇ ಕಡೆ. ಗದ್ದೆ, ಹಾಕಿ ಮೈದಾನ, ಕಾಫಿ ಕಣ. ಗದ್ದೆಗೆ ಗಾಡಿ ಇಳಿಸಿದರೆ ಮೇಲೆತ್ತುವುದಕ್ಕೆ ದುಬಾರೆಯಿಂದ ಆನೆ ಕರೆಸಬೇಕು. ಹಾಕಿ ಮೈದಾನದ ಮಾತೇ ಬೇಡ. 1997ರಲ್ಲಿ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಉತ್ಸವಕ್ಕೆ ಈಗ ಮುನ್ನೂರಕ್ಕೂ ಹೆಚ್ಚು ಮನೆತನಗಳ ತಂಡಗಳು ಇಳಿಯುತ್ತವೆ. ಅಂಥ ಜಿಲ್ಲೆಯಲ್ಲಿ ಮೈದಾನದ ನಡುವೆ ಗಾಡಿ ನಿಲ್ಲಿಸಿದರೆ ಗಾಡಿಯನ್ನೂ ಗಾಡಿಯವನನ್ನೂ ಸೇರಿಸಿ ಗೋಲಿನೊಳಕ್ಕೆ ಹೊಡೆಯುತ್ತಾರೆ. ಉಳಿಯುವುದು ಕಣ. ಹಾಗಾಗಿ ದೇಶ ಸುತ್ತಲು ಹೊರಟ ನಮ್ಮ ಭಾವ ಸುಂಟಿಕೊಪ್ಪದ ಹತ್ತಿರ ನನ್ನ ಕಣಕ್ಕೆ ಬಂದು ನಿಂತರು. ಅದೂ ಫೆಬ್ರವರಿಯಲ್ಲಿ, ರೊಬಸ್ಟಾ ಕಾಫಿಯ ಕುಯ್ಲು ಮುಗಿದಿರದ, ಆಳುಗಳು ಸಿಗದ, ಸಿಕ್ಕ ಆಳುಗಳು ಮರುದಿನ ಬರುತ್ತಾರೆಂಬ ಖಾತ್ರಿ ಇಲ್ಲದ ಹೊತ್ತಿನಲ್ಲಿ.

ಅಕ್ಕನ ಗಂಡನಿಗೆ ಬೇಡ ಎನ್ನುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಓರಗೆಯವರೆಲ್ಲ ಬೆಂಗಳೂರಿನಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರೆ ಇವರು ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಅದರೊಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಸಿಂಕು, ಅಂಗೈಯಗಲದ ಶೌಚಾಲಯ ಎಲ್ಲವನ್ನೂ ತುರುಕಿಸಿ ಕ್ಯಾಂಪರ್ ವ್ಯಾನ್ ಮಾಡಿಸಿದರು. ಚಾವಣಿಯ ಮೇಲೆ ಸೌರ ಫಲಕ, ಪಕ್ಕದಲ್ಲಿ ಎಳೆದರೆ ಬಿಚ್ಚಿಕೊಳ್ಳುವ ನೆರಳಿನ ಪರದೆ. ಬೆಂಗಳೂರು, ಕೊಡಗು, ಮಂಗಳೂರು, ಅಲ್ಲಿಂದ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಗೋವಾ, ಕೊಂಕಣ, ಆಮೇಲೆ ಕಚ್ಛ್, ರಾಜಸ್ಥಾನ, ಕೊನೆಗೆ ಲಡಾಖ್. "ಆತುರವೇ ಇಲ್ಲ ನೋಡಪ್ಪ" ಎಂದು ಫೋನಿನಲ್ಲಿ ಹೇಳಿದ್ದರು. "ಮನಸ್ಸು ಬಂದ ಕಡೆ ನಿಲ್ಲುವುದು, ಸಾಕೆನಿಸಿದಾಗ ಹೊರಡುವುದು. ಯಾರಿಗೂ ಹೊರೆಯಿಲ್ಲ. ಎಲ್ಲವೂ ಗಾಡಿಯೊಳಗೇ ಇದೆ."

ಎಲ್ಲವೂ ಇತ್ತು, ನಿಜ. ಗಾಡಿ ನಿಲ್ಲಿಸುವ ಜಾಗವೊಂದು ಇರಲಿಲ್ಲ.

ಗಾಡಿ ಬಂದು ನಿಂತಿತು. ಭಾವ ಇಳಿದರು. ಕೈಯಲ್ಲಿ ರಸಮಟ್ಟ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಇಟ್ಟು ನೋಡುತ್ತಾರಲ್ಲ, ಮಧ್ಯದ ಗಾಜಿನ ಕೊಳವೆಯಲ್ಲಿ ಹಸಿರು ನೀರು, ಅದರೊಳಗೆ ಒಂದು ಗುಳ್ಳೆ, ಅದೇ. ನನ್ನ ಕ್ಷೇಮ ವಿಚಾರಿಸುವ ಮೊದಲು ನೆಲದ ಕ್ಷೇಮ ವಿಚಾರಿಸಿದರು. ಗುಳ್ಳೆ ಬಲಕ್ಕೆ ಓಡಿತು. ಭಾವನ ಮುಖ ಇಳಿಯಿತು.

"ಏನಿದು, ನಿಮ್ಮ ಕಣ ವಾಲಿದೆಯಲ್ಲ!"

ವಾಲಿದೆ. ವಾಲಲೇಬೇಕು. ಕಾಫಿ ಒಣಗಿಸುವ ಕಣಕ್ಕೆ ಒಂದಿಷ್ಟು ಇಳಿಜಾರು ಕೊಡದಿದ್ದರೆ ಮಳೆ ಬಿದ್ದಾಗ ನೀರು ನಿಂತು ಬೆಳೆ ಬೂಸಲು ಹಿಡಿಯುತ್ತದೆ. ಅಪ್ಪ ಮೇಸ್ತ್ರಿಯ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತು ಇಳಿಜಾರು ಮಾಡಿಸಿದ್ದು ನನಗೆ ನೆನಪಿದೆ. ಭಾವನಿಗೆ ಅದನ್ನು ಹೇಳಿದೆ. "ನಿಮ್ಮ ತಂದೆಯವರು ಬಹಳ ಒಳ್ಳೆಯವರು, ಮೇಸ್ತ್ರಿಗಳು ಅದರ ಲಾಭ ಪಡೆದುಕೊಳ್ಳುತ್ತಾರೆ" ಎಂದರು.

ಮಟ್ಟ ಯಾಕೆ ಬೇಕು ಎಂಬುದಕ್ಕೆ ಅವರ ಬಳಿ ಕಾರಣವಿತ್ತು. ಗಾಡಿಯ ಫ್ರಿಜ್ ನಮ್ಮ ಮನೆಯ ಫ್ರಿಜ್‌ನಂತಲ್ಲ. ಗ್ಯಾಸಿನಲ್ಲೂ ಓಡುತ್ತದೆ, ಕರೆಂಟಿನಲ್ಲೂ ಓಡುತ್ತದೆ, ಅದರಲ್ಲಿ ಕಂಪ್ರೆಸರ್ ಇಲ್ಲ. ಹಿಂಬದಿಯ ಕೊಳವೆಗಳಲ್ಲಿ ಅಮೋನಿಯಾ ಬೆರೆತ ನೀರು ತನ್ನ ಪಾಡಿಗೆ ತಾನು ಇಳಿದು ಹರಿಯಬೇಕು. ಗಾಡಿ ವಾಲಿದರೆ ಅದು ನಡುದಾರಿಯಲ್ಲಿ ನಿಂತುಬಿಡುತ್ತದೆ, ತಂಪು ಹೋಗುತ್ತದೆ. ವಿಜ್ಞಾನ ಒಪ್ಪಬೇಕಾದದ್ದೇ. ಫ್ರಿಜ್ ತೆರೆದು ನೋಡಿದೆ. ಅರ್ಧ ಲೀಟರ್ ಮೊಸರು ಮತ್ತು ಎರಡು ನಿಂಬೆಹಣ್ಣು ಇದ್ದವು.

ಆ ಮೊಸರಿಗಾಗಿ ಕುಯ್ಲು ನಿಂತಿತು. ನಮ್ಮಲ್ಲಿ ಕೆಲಸಕ್ಕೆ ಬರುವ ಮುತ್ತುವನ್ನು ತೋಟದಿಂದ ಕರೆಸಲಾಯಿತು. ಸಿಲ್ವರ್ ಓಕ್ ಹಲಗೆ ತಂದದ್ದಾಯಿತು, ಚಪ್ಪಡಿ ಕಲ್ಲು ಹೊತ್ತದ್ದಾಯಿತು. ಭಾವ ಸ್ಟೀರಿಂಗ್ ಹಿಡಿದು ಗೇಣುದ್ದ ಮುಂದೆ, ಗೇಣುದ್ದ ಹಿಂದೆ. ಅಕ್ಕ ಒಳಗೆ ರಸಮಟ್ಟದ ಮುಂದೆ ಕುಳಿತು ವರದಿ ಕೊಡುವವಳು.

"ಎಡಕ್ಕೆ ಹೋಯಿತು."

"ನನ್ನ ಎಡಕ್ಕೋ, ನಿನ್ನ ಎಡಕ್ಕೋ?"

"ಗುಳ್ಳೆಯ ಎಡಕ್ಕೆ."

ಮುತ್ತು ತನಗೆ ಕೊಟ್ಟ ಚಹಾದ ಲೋಟವನ್ನು ಗಾಡಿಯ ಮೆಟ್ಟಿಲ ಮೇಲಿಟ್ಟು ಬಗ್ಗಿ ನೋಡಿ, "ಸರಿಯಾಗಿದೆ ಸಾರ್, ಚಹಾ ಅಲ್ಲಾಡುತ್ತಿಲ್ಲ" ಎಂದು ತೀರ್ಪು ಕೊಟ್ಟ. ಭಾವ ಆ ತೀರ್ಪನ್ನು ಮಾನ್ಯ ಮಾಡಲಿಲ್ಲ. ಬ್ಯಾಂಕಿನಲ್ಲಿ ಎಷ್ಟೋ ಸಾಲದ ಅರ್ಜಿಗಳು ಹೀಗೆಯೇ ಹಿಂದೆ ಬಂದಿರಬೇಕು. ಹೊತ್ತು ಮುಳುಗುವ ವೇಳೆಗೆ ಗುಳ್ಳೆ ಎರಡು ಗೆರೆಗಳ ನಟ್ಟನಡುವೆ ಬಂದು ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ಅಷ್ಟರಲ್ಲಿ ಅಕ್ಕ ಸೊಂಟ ನೋವೆಂದು ಎದ್ದು ಮಂಚದಿಂದ ಒಲೆಯ ಕಡೆಗೆ ಎರಡು ಹೆಜ್ಜೆ ಇಟ್ಟಳು. ಗುಳ್ಳೆಯೂ ಹೊರಟಿತು.

"ಅಲ್ಲಾಡಬೇಡ!" ಎಂದು ಭಾವ ಕೂಗಿದ್ದು ಆಳುಗಳ ಲೈನ್ ಮನೆಗಳವರೆಗೂ ಕೇಳಿತು. ಅಲ್ಲಿನ ನಾಯಿಗಳು ಉತ್ತರ ಕೊಟ್ಟವು.

ಅಕ್ಕ ಒಂದು ಕಾಲು ಎತ್ತಿಕೊಂಡೇ ನಿಂತಳು. ಭಾವ ಪರೀಕ್ಷಿಸಲು ತಾವೇ ಒಳಗೆ ಹತ್ತಿದರು. ಅವರ ತೂಕ ಅಕ್ಕನಿಗಿಂತ ಮೂವತ್ತು ಕಿಲೋ ಹೆಚ್ಚು. ಗುಳ್ಳೆ ಇನ್ನೊಂದು ತುದಿಗೆ ಓಡಿ ಗೋಡೆಗೆ ಒರಗಿಕೊಂಡಿತು. ಕೊನೆಗೆ ಯಾರು ಎಲ್ಲಿ ಮಲಗಬೇಕು, ನೀರಿನ ಕ್ಯಾನು ಯಾವ ಮೂಲೆಗೆ, ಅಕ್ಕಿ ಚೀಲ ಯಾವ ಮೂಲೆಗೆ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದು ಒಂದು ಒಪ್ಪಂದಕ್ಕೆ ಬಂದರು. ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರೂ ಬದಲಿಸಬೇಕಾಗಿತ್ತು ಎಂದು ಅಕ್ಕ ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳಂತೆ.

ಅಲ್ಲಿಂದ ಮುಂದೆ ಗಾಡಿ ಕದಲುವ ಮಾತೇ ಇರಲಿಲ್ಲ. ಸಿಕ್ಕ ಮಟ್ಟವನ್ನು ಯಾರು ಬಿಡುತ್ತಾರೆ? ನನ್ನ ಸಂಕಟ ಬೇರೆ. ಹಣ್ಣು ಕಾಫಿ ಸಿಪ್ಪೆ ಸಮೇತ ಒಣಗಿ ಚೆರ್ರಿಯಾಗಲು ಒಳ್ಳೆಯ ಬಿಸಿಲಿನಲ್ಲೂ 12ರಿಂದ 15 ದಿನ ಬೇಕು. ತೆಳ್ಳಗೆ ಹರಡಬೇಕು, ದಿನಕ್ಕೆ ಹಲವು ಸಲ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಇಬ್ಬನಿ ತಾಗದಂತೆ ಟಾರ್ಪಾಲು ಮುಚ್ಚಬೇಕು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲ ಎನ್ನಬೇಕು, ಆಗಲೇ ಚೀಲಕ್ಕೆ. ಈ ಕಣದ ಮಧ್ಯೆ ಒಂದು ಬಸ್ಸು ನಿಂತರೆ ಅದು ಆಕ್ರಮಿಸುವುದು ತಾನು ನಿಂತ ಜಾಗವನ್ನಷ್ಟೇ ಅಲ್ಲ. ಬೆಳಿಗ್ಗೆ ಅದರ ನೆರಳು ಪಶ್ಚಿಮದ ಕಾಫಿಯ ಮೇಲೆ, ಸಂಜೆ ಪೂರ್ವದ ಕಾಫಿಯ ಮೇಲೆ. ನಾನು ಮತ್ತು ಮುತ್ತು ನೆರಳಿನಿಂದ ತಪ್ಪಿಸಲು ಕಾಫಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆಯುತ್ತಿದ್ದರೆ ಭಾವ ಪರದೆಯ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು, "ಏನು ಬಿಸಿಲು! ನಿಮ್ಮದು ಭಾರತದ ಸ್ಕಾಟ್ಲೆಂಡ್ ಅಂತಾರಲ್ಲಪ್ಪ" ಎನ್ನುತ್ತಿದ್ದರು.

ಹೊರೆಯಿಲ್ಲ ಎಂದ ಮಾತನ್ನು ಅವರು ಒಮ್ಮೆಯೂ ಹಿಂದಕ್ಕೆ ಪಡೆಯಲಿಲ್ಲ. ಸೌರ ಫಲಕಕ್ಕೆ ಸಿಲ್ವರ್ ಓಕ್ ಮರಗಳ ನೆರಳು ಬೀಳುತ್ತದೆಂದು ನಮ್ಮ ಅಡುಗೆಮನೆಯಿಂದ ಕರೆಂಟಿನ ವಯರು ಎಳೆದರು. ಗಾಡಿಯ ಸ್ನಾನಕ್ಕೆ ನೀರು ಸಾಲದೆಂದು ನಮ್ಮ ಹಂಡೆ. ಗಾಡಿಯ ಶೌಚಾಲಯಕ್ಕೆ ಹಾಕುವ ನೀಲಿ ದ್ರವ ನಮ್ಮ ಗುಂಡಿಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು, ನಮ್ಮ ಮೇಲಿನ ಕಾಳಜಿಯಿಂದಲೇ, ನಮ್ಮ ಶೌಚಾಲಯ. ಒಲೆಯನ್ನು ಅಕ್ಕ ಹಚ್ಚಲೇ ಇಲ್ಲ. ನನ್ನ ಹೆಂಡತಿ ಅಕ್ಕಿ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಗಾಡಿಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು.

ಒಂದು ದಿನ ಮಾತ್ರ ಗಾಡಿ ಹೊರಟಿತು. ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆ ನೋಡಬೇಕೆಂದು ಭಾವನಿಗೆ ಆಸೆ. ಹೊರಡುವ ಮೊದಲು ನಾಲ್ಕೂ ಚಕ್ರ ನಿಂತ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿದರು. ಗಾಡಿ ಬೀದಿಗೆ ಇಳಿದದ್ದೇ ತಡ, ಮುತ್ತು ಆ ಗುರುತುಗಳ ಮೇಲೆಯೇ ಕಾಫಿ ಹರಡಿದ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಅದು. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಅಲ್ಲಿ ಆಶ್ರಯ ಪಡೆದಿದ್ದ. ಬಚ್ಚಿಟ್ಟುಕೊಳ್ಳಲು ಆರಿಸಿದ ಜಾಗಕ್ಕೆ ಹೋಗುವ ದಾರಿ ಹೇಗಿರುತ್ತದೆ ಎಂದು ನಾನು ಭಾವನಿಗೆ ಸೂಚ್ಯವಾಗಿ ಹೇಳಿ ನೋಡಿದ್ದೆ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಒಂದು ಕಡೆ ಗುಡ್ಡದ ಬರೆ, ಇನ್ನೊಂದು ಕಡೆ ಯಾರದೋ ತೋಟದ ಬೇಲಿ, ಅದರಾಚೆ ಆಳ. ಬಸ್ಸಿನ ಕಂಡಕ್ಟರ್ ಇಳಿದ, ಹಿಂದೆಯೇ ಪ್ರಯಾಣಿಕರು ಇಳಿದರು. ಇಳಿದವರಲ್ಲಿ ಅರ್ಧ ಜನ ಹಿಂದೆ ಬನ್ನಿ ಎಂದರು, ಉಳಿದವರು ಗಾಡಿಯೊಳಗೆ ಹಣಕಿ ಫ್ರಿಜ್ ನೋಡಿದರು. ಭಾವ ಮಾತ್ರ ಇಳಿದವರೇ ಅಭ್ಯಾಸಬಲದಿಂದ ರಸ್ತೆಯ ಮೇಲೆ ರಸಮಟ್ಟ ಇಟ್ಟರು. ಬಸ್ಸಿನ ಚಾಲಕ ಹಾರ್ನ್ ಒತ್ತುವುದನ್ನು ನಿಲ್ಲಿಸಿ, ಬೀಡಿ ಹಚ್ಚಿ, ಬಹಳ ಗೌರವದಿಂದ ನೋಡಿದ. ರಸ್ತೆ ಅಗಲ ಮಾಡಲು ಸರ್ಕಾರದವರು ಬಂದಿದ್ದಾರೆ ಎಂದುಕೊಂಡನಂತೆ.

ಅರಮನೆ ನೋಡದೆಯೇ ಹಿಂದಕ್ಕೆ ಬಂದರು. ಬಂದವರು ಸುಣ್ಣದ ಗುರುತು ಹುಡುಕಿದರು.

ಸಿಟ್ಟಿನ ನಡುವೆಯೂ ಒಂದು ಮಾತು ಹೇಳಬೇಕು. ಮದುವೆಯಾದ ಮೇಲೆ ಅಕ್ಕ ತವರಿನಲ್ಲಿ ಎರಡು ರಾತ್ರಿಗಿಂತ ಹೆಚ್ಚು ನಿಂತವಳಲ್ಲ. ಭಾವನಿಗೆ ಯಾವಾಗಲೂ ಸೋಮವಾರ ಇರುತ್ತಿತ್ತು, ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಅತ್ತೆಯ ಕಾಯಿಲೆ. ಈ ಸಲ ಅವಳು ಸಂಜೆ ರಾಶಿ ಮಾಡುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು. ಕಾಫಿ ಎಳೆಯುವ ಹಲಗೆಯನ್ನು ಅವಳು ಹಿಡಿದ ರೀತಿ ಇನ್ನೂ ಹಾಗೆಯೇ ಇತ್ತು, ಎಡಗೈ ಮೇಲೆ, ಬಲಗೈ ಕೆಳಗೆ, ಅಪ್ಪ ಹಿಡಿಯುತ್ತಿದ್ದ ಹಾಗೆ. ಅಪ್ಪ ಹೋದಾಗ ಅವಳಿಗೆ ಬರಲು ರಜೆ ಸಿಕ್ಕಿದ್ದು ನಾಲ್ಕು ದಿನ. ಒಂದು ಸಂಜೆ ಟಾರ್ಪಾಲಿನ ಮೂಲೆಗೆ ಕಲ್ಲು ಇಡುತ್ತ, "ಲಡಾಖ್ ಎಲ್ಲಿಗೂ ಹೋಗುವುದಿಲ್ಲ ಬಿಡು" ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಗಲೇ ಗಾಡಿಯೊಳಗಿನಿಂದ "ನೀನು ಇಳಿದದ್ದಕ್ಕೆ ಗುಳ್ಳೆ ಸರಿಯಿತು" ಎಂಬ ಕೂಗು ಬಂತು.

ಕೊನೆಗೆ ದಾರಿ ಮಾಡಿಕೊಟ್ಟದ್ದು ಅಪ್ಪನ ಇಳಿಜಾರು. ಮಧ್ಯಾಹ್ನ ಮಂಜಿನಬೆಟ್ಟದಂತಿದ್ದ ಆಕಾಶ ಕಪ್ಪಾಗಿ, ಅಕಾಲದ ಮಳೆ ಕಲ್ಲು ಎರಚಿದ ಹಾಗೆ ಬಿತ್ತು. ಬೆಳೆಗಾರನಿಗೆ ಈ ಮಳೆ ಎರಡು ಮುಖದ್ದು, ಗಿಡದಲ್ಲಿರುವ ಮೊಗ್ಗಿಗೆ ವರ, ಕಣದಲ್ಲಿರುವ ಕಾಫಿಗೆ ಶಾಪ. ನಾವೆಲ್ಲ ರಾಶಿ ಮಾಡಿ ಟಾರ್ಪಾಲು ಹೊದಿಸಲು ಓಡಿದೆವು. ಒಂದು ಟಾರ್ಪಾಲು ಸಾಲದಾಯಿತು. ಇನ್ನೊಂದು ಭಾವನ ಕುರ್ಚಿಯ ಕೆಳಗೆ ನೆಲಹಾಸಾಗಿತ್ತು. ಅದನ್ನು ಕುರ್ಚಿಯ ಸಮೇತ ಎಳೆದೆ. ನೀರು ಅಪ್ಪ ಹೇಳಿಕೊಟ್ಟ ದಾರಿಯಲ್ಲೇ ಕೆಳಮೂಲೆಗೆ ಹರಿಯಿತು, ಅಲ್ಲಿ ಗಾಡಿಯ ಹಿಂದಿನ ಚಕ್ರದ ಕೆಳಗಿದ್ದ ಹಲಗೆಗಳನ್ನು ಮೆಲ್ಲಗೆ ಎತ್ತಿ ಚರಂಡಿಗೆ ಕಳಿಸಿತು. ಗಾಡಿ ಒಂದು ಮಗ್ಗುಲಿಗೆ ಕುಸಿಯಿತು. ಒಳಗೆ ಫ್ರಿಜ್‌ನ ಬಾಗಿಲು ತೆರೆದು ಮೊಸರು ಮಂಚದ ಮೇಲೆ ಬಿತ್ತು.

ಭಾವ ರಸಮಟ್ಟ ಇಟ್ಟು ಬಹಳ ಹೊತ್ತು ನೋಡಿದರು. "ಇನ್ನು ಇಲ್ಲಿ ಆಗುವುದಿಲ್ಲ" ಎಂದರು. ಮರುದಿನ ಬೆಳಿಗ್ಗೆ ಹತ್ತು ಕಿಲೋ ಕಾಫಿ ಪುಡಿ, ಕಾಳುಮೆಣಸು, ಒಂದು ಬಾಟಲಿ ಜೇನು ಹೇರಿಕೊಂಡು ಮಡಿಕೇರಿಯ ಕಡೆಗೆ ಹೊರಟರು. ಅಕ್ಕ ಕಿಟಕಿಯಿಂದ ಕೈ ಬೀಸಿದಳು. ಭಾವ ಬೀಸಲಿಲ್ಲ, ಗಾಡಿಯ ಮಟ್ಟ ತಪ್ಪುತ್ತದೆಂದಿರಬೇಕು.

ಇಷ್ಟು ಹೊತ್ತಿಗೆ ಗೋವಾ ದಾಟಿರಬಹುದು ಎಂದುಕೊಂಡಿದ್ದೆ. ನಿನ್ನೆ ರಾತ್ರಿ ಸುಳ್ಯದಿಂದ ಒಂದು ಫೋನು ಬಂತು. ಭಾವನ ದೊಡ್ಡಮ್ಮನ ಮಗ, ಮದುವೆ ಮನೆಗಳಲ್ಲಿ ಮಾತ್ರ ಕಂಡ ಪರಿಚಯ. ಸಂಪಾಜೆ ಘಟ್ಟ ಇಳಿದ ಗಾಡಿ ನೇರವಾಗಿ ಅವರ ಅಡಿಕೆ ಒಣಗಿಸುವ ಅಂಗಳಕ್ಕೆ ಬಂದು ನಿಂತಿದೆಯಂತೆ. ಅಂಗಳ ಬಹಳ ಮಟ್ಟಸವಾಗಿದೆ ಎಂದು ಭಾವ ಹೊಗಳಿದ್ದಾರಂತೆ. ಅವರು ಧ್ವನಿ ತಗ್ಗಿಸಿ ಕೇಳಿದರು:

"ನಿಮ್ಮಲ್ಲಿಂದ ಹೇಗೆ ಹೊರಟರು?"

"ಒಂದು ಮಳೆ ಬಿತ್ತು" ಎಂದೆ.

"ಮಳೆಯಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಲ್ಲಿ ಮಳೆ ಅಂದರೆ ಇನ್ನು ಜೂನಿಗೇ ಅಲ್ಲವಾ?"